ಬಾಹ್ಯಾಕಾಶ ಅಷ್ಟು ತಣ್ಣಗಿದ್ದರೆ ಮ್ಯಾಗ್ನೆಟ್ಟಿಗೆ ಹೀಲಿಯಂ ಯಾಕೆ?

ಪ್ರಶ್ನೆ: ಬಾಹ್ಯಾಕಾಶದ ತಾಪಮಾನ ಮೈನಸ್ 270 ಡಿಗ್ರಿ ಅಂತ ಓದಿದ್ದೇನೆ. ತಡೆಯಿಲ್ಲದೆ ಕರೆಂಟ್ ಹರಿಸುವ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ ಕೆಲಸ ಮಾಡುವುದೂ ಹೆಚ್ಚುಕಡಿಮೆ ಅಷ್ಟೇ ತಣ್ಣಗಿದ್ದಾಗ. ಹಾಗಾದರೆ ಅದನ್ನು ಮೇಲಕ್ಕೆ ಒಯ್ದು ಸುಮ್ನೆ ಹೊರಗೆ ಇಟ್ಟುಬಿಟ್ಟರೆ ಸಾಕಲ್ವಾ? ಹೀಲಿಯಂ ತೊಟ್ಟಿ, ಕೂಲರ್ ಎಲ್ಲ ಯಾಕೆ ಬೇಕು? ಬಾಹ್ಯಾಕಾಶ ನಿಲ್ದಾಣದ ಎಎಂಎಸ್ ಉಪಕರಣದಿಂದ ಇಂಥ ಮ್ಯಾಗ್ನೆಟ್ಟನ್ನು ಹಾರಿಸುವ ಮುಂಚೆಯೇ ತೆಗೆದುಹಾಕಿದರಂತೆ. ಅದೇನು ಕಥೆ?

ಉತ್ತರ: ನೀವು ಓದಿದ ಸಂಖ್ಯೆ ಸರಿಯಾಗಿದೆ. ಎಡವಿರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಆದರೆ ಬೇಜಾರಾಗಬೇಡಿ, ನನ್ನ ಜೊತೆ ಕೆಲಸ ಕಲಿಯಲು ಬಂದವರಲ್ಲೂ ಹಲವರು ಮೊದಲ ವಾರದಲ್ಲೇ ಇದೇ ಪ್ರಶ್ನೆ ಕೇಳಿದ್ದಾರೆ.

ಬಿಸಿ ಪಾತ್ರೆಯನ್ನು ತಣ್ಣೀರಿನಲ್ಲಿ ಇಟ್ಟರೆ ಬೇಗ ಆರುತ್ತದೆ. ನೀರು ಪಾತ್ರೆಯನ್ನು ಮುಟ್ಟುತ್ತದೆ, ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಬಾಹ್ಯಾಕಾಶದಲ್ಲಿ ಮುಟ್ಟುವುದಕ್ಕೆ ಏನೂ ಇಲ್ಲ. ಗಾಳಿಯಿಲ್ಲ, ನೀರಿಲ್ಲ. ಕಾಫಿ ಬಿಸಿಯಾಗಿರಲಿ ಅಂತ ನಾವು ಬಳಸುವ ಫ್ಲಾಸ್ಕಿನ ಎರಡು ಗೋಡೆಗಳ ನಡುವೆ ಇರುವುದೂ ಇದೇ ಖಾಲಿ ಜಾಗ. ಅಂದರೆ ಮ್ಯಾಗ್ನೆಟ್ಟನ್ನು ಬಾಹ್ಯಾಕಾಶಕ್ಕೆ ಒಯ್ಯುವುದು ಅದನ್ನು ಒಂದು ದೊಡ್ಡ ಫ್ಲಾಸ್ಕಿನೊಳಗೆ ಇಟ್ಟ ಹಾಗೆ. ಒಳಗಿನ ಬಿಸಿ ಸುಲಭಕ್ಕೆ ಹೊರಗೆ ಹೋಗುವುದಿಲ್ಲ.

ಹಾಗಾದರೆ ಆ 2.7 ಕೆಲ್ವಿನ್ ಎಲ್ಲಿಂದ ಬಂತು? (ಕೆಲ್ವಿನ್ ಎಣಿಕೆ ಮೈನಸ್ 273 ಡಿಗ್ರಿಯಿಂದ ಶುರುವಾಗುತ್ತದೆ, ಹಾಗಾಗಿ 2.7 ಕೆಲ್ವಿನ್ ಅಂದರೆ ನೀವು ಹೇಳಿದ ಮೈನಸ್ 270.) ಅದು ಆಕಾಶದ ತುಂಬ ಹರಡಿರುವ ಮಂದ ಹಿನ್ನೆಲೆ ವಿಕಿರಣದ ತಾಪಮಾನ. ಸೂರ್ಯ, ಭೂಮಿ, ನಕ್ಷತ್ರ ಎಲ್ಲದರಿಂದ ದೂರ, ಒಂಟಿಯಾಗಿ, ಯುಗಯುಗ ಬಿದ್ದಿರುವ ಕಲ್ಲು ಕೊನೆಗೆ ಅಷ್ಟಕ್ಕೆ ಇಳಿದೀತು. ನಮ್ಮ ಉಪಗ್ರಹಗಳು ಅಂಥ ಕಡೆ ಇರುವುದಿಲ್ಲ. ಭೂಮಿಯಷ್ಟು ದೂರದಲ್ಲಿ ಸೂರ್ಯನ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1361 ವ್ಯಾಟ್. ಅಲ್ಲಿ ಒಂದು ಕಪ್ಪು ಚೆಂಡನ್ನು ತೇಲಿಬಿಟ್ಟರೆ ಅದು 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೈನಸ್ ಅಲ್ಲ, ಪ್ಲಸ್ 5. ಹಿಂಬದಿಯಿಂದ ಬಿಸಿ ಹೋಗದಂತೆ ಮುಚ್ಚಿದ ಕಪ್ಪು ತಗಡನ್ನು ಸೂರ್ಯನಿಗೆ ಎದುರಾಗಿ ಹಿಡಿದರೆ 120 ಡಿಗ್ರಿ ದಾಟುತ್ತದೆ.

ಸರಿ, ಬಿಸಿಲಿಗೆ ಮರೆ ಕಟ್ಟೋಣ. ಆಗಲಾದರೂ ಮ್ಯಾಗ್ನೆಟ್ ತಾನಾಗಿ ತಣ್ಣಗಾಗುತ್ತದಾ? ಶುರುವಿನಲ್ಲಿ ಆಗುತ್ತದೆ. ಬರುಬರುತ್ತಾ ನಿಧಾನವಾಗುತ್ತದೆ. ಮಜಾ ಇರುವುದು ಇಲ್ಲೇ.

ಖಾಲಿ ಜಾಗದಲ್ಲಿ ಬಿಸಿ ಹೊರಗೆ ಹೋಗಲು ಇರುವುದು ಒಂದೇ ದಾರಿ, ವಿಕಿರಣ. ಕೆಂಡದ ಎದುರು ಕೂತಾಗ ಗಾಳಿಯ ಹಂಗಿಲ್ಲದೆ ಮುಖಕ್ಕೆ ತಾಗುತ್ತದಲ್ಲ, ಆ ಝಳ. ಈ ಝಳ ತಾಪಮಾನದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ, ಇಳಿಯುತ್ತದೆ. ಕೆಲ್ವಿನ್‌ನಲ್ಲಿ ತಾಪಮಾನ ಅರ್ಧವಾದರೆ ಝಳ ಹದಿನಾರರಲ್ಲಿ ಒಂದು ಪಾಲು. ಹತ್ತರಲ್ಲೊಂದು ಭಾಗಕ್ಕೆ ಇಳಿದರೆ ಹತ್ತು ಸಾವಿರದಲ್ಲೊಂದು. ಒಂದು ಚದರ ಮೀಟರ್ ಕಪ್ಪು ಮೈ 300 ಕೆಲ್ವಿನ್‌ನಲ್ಲಿ, ಅಂದರೆ ಸಾಧಾರಣ ಕೋಣೆಯ ಬಿಸಿಯಲ್ಲಿ, ಸುಮಾರು 460 ವ್ಯಾಟ್ ಹೊರಗೆ ಕಳಿಸುತ್ತದೆ. ಅದೇ ಮೈ 4 ಕೆಲ್ವಿನ್‌ನಲ್ಲಿ ಕಳಿಸುವುದು ಒಂದು ವ್ಯಾಟಿನ ಹತ್ತು ಲಕ್ಷದಲ್ಲಿ ಹದಿನೈದು ಪಾಲಿಗಿಂತ ಕಡಿಮೆ. ಆಕಾಶದ ಕಡೆಯಿಂದಲೂ 2.7 ಕೆಲ್ವಿನ್ ಝಳ ವಾಪಸ್ ಬರುತ್ತಿರುತ್ತದೆ. ಅದನ್ನು ಕಳೆದರೆ ಉಳಿಯುವುದು ಹನ್ನೊಂದು ಚಿಲ್ಲರೆ ಪಾಲು.

ಈಗ ಮ್ಯಾಗ್ನೆಟ್ಟಿನೊಳಕ್ಕೆ ಎಲ್ಲಿಂದಲೋ ಒಂದೇ ಒಂದು ವ್ಯಾಟ್ ಬಿಸಿ ಸೋರುತ್ತಿದೆ ಅಂದುಕೊಳ್ಳಿ. ಅದನ್ನು 4 ಕೆಲ್ವಿನ್‌ನಲ್ಲೇ ಆಕಾಶಕ್ಕೆ ಚೆಲ್ಲಬೇಕು ಅಂದರೆ ಹನ್ನೆರಡು ಫುಟ್‌ಬಾಲ್ ಮೈದಾನದಷ್ಟು ರೇಡಿಯೇಟರ್ ಬೇಕು. ಆ ಮೈದಾನಗಳನ್ನೂ ಬಿಸಿಲಿನಿಂದ ಮರೆ ಮಾಡಬೇಕು! ಅದೇ ಒಂದು ವ್ಯಾಟನ್ನು 50 ಕೆಲ್ವಿನ್‌ನಲ್ಲಿ ಚೆಲ್ಲುವುದಕ್ಕೆ ಮೂರು ಚದರ ಮೀಟರ್ ಸಾಕು, ಒಂದು ಮಂಚದಷ್ಟು ಜಾಗ. ಈ ಮೈದಾನ ಮತ್ತು ಮಂಚ ಎರಡನ್ನೂ ನೆನಪಿಟ್ಟುಕೊಳ್ಳಿ. ಇಡೀ ಕ್ಷೇತ್ರ ಇವೆರಡರ ನಡುವೆ ಓಡಾಡುತ್ತಿದೆ.

ಜೇಮ್ಸ್ ವೆಬ್ ದೂರದರ್ಶಕ ಇದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಿದೆ. 2021ರ ಡಿಸೆಂಬರ್‌ನಲ್ಲಿ ಹಾರಿದ ಅದು ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿದೆ. ಸೂರ್ಯ, ಭೂಮಿ, ಚಂದ್ರ ಮೂರೂ ಅದಕ್ಕೆ ಒಂದೇ ಪಕ್ಕಕ್ಕೆ ಬರುತ್ತವೆ. ಆ ಪಕ್ಕಕ್ಕೆ ಟೆನಿಸ್ ಅಂಗಳದಷ್ಟು ದೊಡ್ಡ, ಐದು ಪದರದ ಬಿಸಿಲಮರೆ ಕಟ್ಟಿದ್ದಾರೆ. ಮರೆಯ ನೆರಳಿನಲ್ಲಿರುವ ಬಹುತೇಕ ಉಪಕರಣಗಳು ಯಾವ ಯಂತ್ರವೂ ಇಲ್ಲದೆ 40 ಕೆಲ್ವಿನ್ ಹತ್ತಿರಕ್ಕೆ ಇಳಿದವು. ಆದರೆ ಅದರಲ್ಲೇ ಇರುವ ಮಿರಿ ಎಂಬ ಉಪಕರಣಕ್ಕೆ 7 ಕೆಲ್ವಿನ್‌ಗಿಂತ ಕೆಳಗೆ ಬೇಕಿತ್ತು. ಅಷ್ಟು ದೊಡ್ಡ ಮರೆ, ಅಷ್ಟು ದೂರದ ಜಾಗ, ಎಲ್ಲ ಇದ್ದೂ ಆ ಕೊನೆಯ ಮೂವತ್ತು ಚಿಲ್ಲರೆ ಕೆಲ್ವಿನ್ ಇಳಿಸಲು ಹೀಲಿಯಂ ಅನಿಲವನ್ನು ತಿರುಗಿಸುವ ಕ್ರಯೋಕೂಲರ್ ಎಂಬ ತಂಪುಯಂತ್ರ ಹಾಕಲೇಬೇಕಾಯಿತು. ಬಾಹ್ಯಾಕಾಶ ಪುಕ್ಕಟೆಯಾಗಿ ಕೊಡುವ ಚಳಿ 40ರ ಸುತ್ತಮುತ್ತ ಮುಗಿಯಿತು.

ನಿಲ್ದಾಣ ಇರುವುದಂತೂ ಭೂಮಿಯ ಪಕ್ಕದಲ್ಲೇ, 400 ಕಿ.ಮೀ. ಮೇಲೆ. ಆ ಎತ್ತರದಿಂದ ಸುತ್ತಲೂ ನೋಡಿದರೆ ಸುಮಾರು ಮೂರರಲ್ಲೊಂದು ಪಾಲು ಭೂಮಿಯೇ. ಭೂಮಿ ಬೆಚ್ಚಗಿದೆ, ಹಗಲು ರಾತ್ರಿ ಝಳ ಸೂಸುತ್ತಿರುತ್ತದೆ. ಸೂರ್ಯನಿಗೆ ಒಂದು ಕಡೆ ಮರೆ ಕಟ್ಟಬಹುದು, ಆದರೆ ತೊಂಬತ್ತು ನಿಮಿಷಕ್ಕೊಮ್ಮೆ ಸುತ್ತುವ ನಿಲ್ದಾಣದಲ್ಲಿ ಸೂರ್ಯನೂ ಭೂಮಿಯೂ ದಿಕ್ಕು ಬದಲಿಸುತ್ತಲೇ ಇರುತ್ತವೆ. ಅಲ್ಲಿ ‘ಹೊರಗೆ ಇಟ್ಟುಬಿಡೋಣ’ ಅನ್ನುವುದು ನಡೆಯುವ ಮಾತಲ್ಲ.

ಸೂಪರ್‌ಕಂಡಕ್ಟರ್‌ಗೆ, ಕನ್ನಡದಲ್ಲಿ ಅತಿವಾಹಕ ಅಂತಾರಲ್ಲ ಅದಕ್ಕೆ, ಇಷ್ಟು ಚಳಿ ಯಾಕೆ ಬೇಕು ಅನ್ನುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕೆಲವು ಲೋಹಗಳು ಒಂದು ಮಟ್ಟಕ್ಕಿಂತ ತಣ್ಣಗಾದಾಗ ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಪೂರ್ತಿ ಬಿಟ್ಟುಬಿಡುತ್ತವೆ. 1911ರಲ್ಲಿ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ವಿಜ್ಞಾನಿ ಕಾಮರ್ಲಿಂಗ್ ಓನ್ನೆಸ್ ಇದನ್ನು ಮೊದಲು ಪಾದರಸದಲ್ಲಿ ಕಂಡರು. ಮ್ಯಾಗ್ನೆಟ್ ಸುತ್ತಲು ಎಲ್ಲರೂ ಬಳಸುವ ನಯೋಬಿಯಂ–ಟೈಟಾನಿಯಂ ತಂತಿಯ ಮಿತಿ 9 ಕೆಲ್ವಿನ್ ಆಸುಪಾಸು. ಆದರೆ ಅದು ಕಾಂತಕ್ಷೇತ್ರ, ಕರೆಂಟ್ ಎರಡೂ ಇಲ್ಲದಾಗಿನ ಮಾತು. ಎರಡನ್ನೂ ಹೇರಿದ ಮೇಲೆ 4 ಕೆಲ್ವಿನ್, ಕೆಲವೊಮ್ಮೆ 2 ಕೆಲ್ವಿನ್‌ಗೆ ಇಳಿಸಿದರೇ ನೆಮ್ಮದಿ.

ನೆಮ್ಮದಿ ಅಂದೆ, ಅದು ಬಹಳ ತೆಳುವಾದ ನೆಮ್ಮದಿ. 4 ಕೆಲ್ವಿನ್‌ನಲ್ಲಿ ಲೋಹಗಳು ಬಿಸಿ ಹಿಡಿದಿಟ್ಟುಕೊಳ್ಳುವ ಶಕ್ತಿ ಸಾವಿರಾರು ಪಾಲು ಕುಗ್ಗಿರುತ್ತದೆ. ಚಿಟಿಕೆ ಬಿಸಿ ಬಿದ್ದರೂ ತಾಪಮಾನ ಜಿಗಿಯುತ್ತದೆ. ಒಂದು ಗ್ರಾಮಿನ ಹತ್ತರಲ್ಲೊಂದು ಪಾಲು ತೂಗುವ ಗುಂಡುಸೂಜಿ ಒಂದು ಮೀಟರ್ ಎತ್ತರದಿಂದ ಬಿದ್ದಾಗ ಎಷ್ಟು ಶಕ್ತಿ ಹೊರಬರುತ್ತದೋ ಅಷ್ಟು ತಂತಿಯ ಒಂದೇ ಜಾಗದಲ್ಲಿ ಸಿಕ್ಕರೂ ಕೆಲಸ ಕೆಡಬಹುದು. ಸುರುಳಿಯ ಒಂದು ಎಳೆ ಕೂದಲೆಳೆಗಿಂತ ಕಡಿಮೆ ದೂರ ಜಾರಿ ಪಕ್ಕದ ಎಳೆಗೆ ಉಜ್ಜಿದರೂ ಅಷ್ಟು ಬಿಸಿ ಹುಟ್ಟುತ್ತದೆ. ಆ ಜಾಗ ಬಿಸಿಯಾಗಿ ಮಾಮೂಲಿ ಲೋಹವಾಗುತ್ತದೆ, ಹರಿಯುತ್ತಿರುವ ಕರೆಂಟ್ ಅಲ್ಲಿ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ, ಅದು ಪಕ್ಕಕ್ಕೆ ಹಬ್ಬುತ್ತದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಕ್ವೆಂಚ್ ಅಂತಾರೆ.

ನಾನು ಮೊದಲ ಸಲ ಕ್ವೆಂಚ್ ಕಂಡದ್ದು ಒಂದು ಪ್ರಯೋಗಾಲಯದಲ್ಲಿ, ಕೆಲಸಕ್ಕೆ ಹೊಸಬನಾಗಿದ್ದಾಗ. ಕರೆಂಟನ್ನು ನಿಧಾನಕ್ಕೆ ಏರಿಸುತ್ತಿದ್ದೆ, ಎಲ್ಲ ಸರಿಯಿದೆ ಅಂದುಕೊಂಡಿದ್ದೆ. ತೊಟ್ಟಿಯೊಳಗಿಂದ ‘ಧಡ್’ ಅಂತ ಒಂದು ಸದ್ದು. ಮೀಟರ್ ಸೊನ್ನೆಗೆ ಬಿತ್ತು. ಮರುಕ್ಷಣ ಮೇಲಿನ ಸುರಕ್ಷತಾ ಕವಾಟ ಹಾರಿ ಬಿಳಿ ಹೊಗೆ ಚಾವಣಿವರೆಗೆ ಚಿಮ್ಮಿತು. ಹೊಗೆ ಕಂಡು ಹೀಲಿಯಂ ಅಂದುಕೊಂಡೆ. ಹೀಲಿಯಂ ಕಣ್ಣಿಗೆ ಕಾಣುವುದಿಲ್ಲ, ಅದು ಕೋಣೆಯ ಗಾಳಿಯ ತೇವ ಮಂಜಾಗಿದ್ದು ಅಂತ ಆಮೇಲೆ ತಿಳಿಯಿತು. ಮಟ್ಟ ತೋರಿಸುವ ಮಾಪಕ ನೋಡಿದರೆ, ಹಿಂದಿನ ದಿನ ಮಧ್ಯಾಹ್ನವಿಡೀ ನಿಂತು ತುಂಬಿಸಿದ ದ್ರವ ಅರ್ಧವೂ ಉಳಿದಿರಲಿಲ್ಲ. ನೆಲದ ಮೇಲಾದರೆ ಮತ್ತೆ ತುಂಬಿಸಬಹುದು. ಮೇಲೆ ಯಾರು ತುಂಬಿಸುತ್ತಾರೆ?

ಎಎಂಎಸ್ ಕಥೆಗೆ ಬರೋಣ. ಇದು ವಿಶ್ವಕಿರಣಗಳ ಕಣಗಳನ್ನು ಅಳೆಯುವ ಉಪಕರಣ, ಭೌತವಿಜ್ಞಾನಿ ಸ್ಯಾಮ್ಯುಯೆಲ್ ಟಿಂಗ್ ಅವರ ನೇತೃತ್ವದ್ದು. ಕಣದ ದಾರಿ ಕಾಂತಕ್ಷೇತ್ರದಲ್ಲಿ ಎಷ್ಟು ಬಾಗುತ್ತದೆ ಅನ್ನುವುದರಿಂದ ಅದರ ಸಂವೇಗವೂ (ರಾಶಿ, ವೇಗ ಸೇರಿದ ಅಳತೆ), ಎತ್ತ ಬಾಗುತ್ತದೆ ಅನ್ನುವುದರಿಂದ ಅದು ಧನವೋ ಋಣವೋ ಅನ್ನುವುದೂ ಗೊತ್ತಾಗುತ್ತದೆ. ಕ್ಷೇತ್ರ ಜೋರಿದ್ದಷ್ಟೂ ಅಳತೆ ಚೆನ್ನ. ಅದಕ್ಕೇ ನಯೋಬಿಯಂ–ಟೈಟಾನಿಯಂ ಸುರುಳಿಗಳ ಮ್ಯಾಗ್ನೆಟ್ ಕಟ್ಟಿದರು. ಸುತ್ತಲಿನ ತೊಟ್ಟಿಯಲ್ಲಿ ಸುಮಾರು 2500 ಲೀಟರ್ ದ್ರವ ಹೀಲಿಯಂ, 1.8 ಕೆಲ್ವಿನ್‌ನಲ್ಲಿ.

ಆ 2500 ಲೀಟರಿನ ಲೆಕ್ಕ ಸ್ವಲ್ಪ ಬಿಡಿಸಿ ನೋಡಿ. ಹೀಲಿಯಂ ಬಲು ಬೇಗ ಆವಿಯಾಗುವ ದ್ರವ. ಒಂದು ವ್ಯಾಟ್ ಬಿಸಿ ಸೋರಿದರೆ 4.2 ಕೆಲ್ವಿನ್‌ನಲ್ಲಿ ಗಂಟೆಗೆ ಸುಮಾರು 1.4 ಲೀಟರ್ ಖಾಲಿ. ದಿನಕ್ಕೆ 33 ಲೀಟರ್. ಆ ದರದಲ್ಲಿ ಇಡೀ ತೊಟ್ಟಿ ಎರಡೂವರೆ ತಿಂಗಳಲ್ಲಿ ಮುಗಿಯುತ್ತದೆ. ಮೂರು ವರ್ಷ ಬಾಳಬೇಕು ಅಂದರೆ ದ್ರವಕ್ಕೆ ತಲುಪುವ ಬಿಸಿ ಒಂದು ವ್ಯಾಟಿನ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಇರಬೇಕು. ಯಂತ್ರದ ಮೇಲೆ ಮಿಣುಕುವ ಒಂದೆರಡು ಪುಟ್ಟ ಸೂಚಕ ದೀಪಗಳಷ್ಟು. ಎರಡು ಟನ್ನಿಗೂ ಹೆಚ್ಚು ತೂಗುವ ತಣ್ಣನೆ ಗಡ್ಡೆಗೆ ಸುತ್ತಲ ಬೆಚ್ಚನೆಯ ಚೌಕಟ್ಟಿನಿಂದ ಸೋರಬಹುದಾದ ಬಿಸಿ ಎಲ್ಲ ಸೇರಿ ಇಷ್ಟೇ!

ಇದನ್ನು ಸಾಧಿಸಲು ಮಾಡುವ ಸರ್ಕಸ್ ಚೆನ್ನಾಗಿರುತ್ತದೆ. ಮೊದಲು ಅಲ್ಯೂಮಿನಿಯಂ ಲೇಪಿಸಿದ ತೆಳು ಪ್ಲಾಸ್ಟಿಕ್ ಹಾಳೆಗಳನ್ನು ಒಂದರ ಮೇಲೊಂದು ಹತ್ತಾರು ಪದರ ಹೊದಿಸುತ್ತಾರೆ. ಪ್ರತಿ ಪದರವೂ ಝಳವನ್ನು ಒಂದಿಷ್ಟು ಹಿಂದಕ್ಕೆ ತಳ್ಳುತ್ತದೆ. ಆಮೇಲೆ ಆವಿಯ ಲಾಭ. ದ್ರವ ಆವಿಯಾಗುವಾಗ ಹೀರುವ ಬಿಸಿಗಿಂತ ಆ ತಣ್ಣನೆ ಆವಿ ಕೋಣೆಯ ತಾಪಮಾನಕ್ಕೆ ಏರುವಷ್ಟರಲ್ಲಿ ಹೀರುವ ಬಿಸಿ ಸುಮಾರು ಎಪ್ಪತ್ತು ಪಟ್ಟು ಜಾಸ್ತಿ. ಅದನ್ನು ಸುಮ್ನೆ ಹೊರಗೆ ಬಿಡುವುದುಂಟೇ? ತೊಟ್ಟಿಯ ಸುತ್ತಲಿನ ಲೋಹದ ಕವಚಗಳಿಗೆ ಕೊಳವೆ ಅಂಟಿಸಿ, ಆವಿಯನ್ನು ಅವುಗಳಲ್ಲಿ ಸುತ್ತಿಸಿ ಸುತ್ತಿಸಿ ಆಮೇಲೆ ಬಿಡುತ್ತಾರೆ. ಒಳಗೆ ಬರುವ ಬಿಸಿಯನ್ನು ಹೊರಗೆ ಹೋಗುವ ಆವಿ ದಾರಿಯಲ್ಲೇ ಹಿಡಿಯುತ್ತದೆ.

ತೂಗುಹಾಕುವ ಪಟ್ಟಿಗಳದ್ದು ಇನ್ನೊಂದು ಜಗಳ. ರಾಕೆಟ್ ಹಾರುವಾಗಿನ ಕುಲುಕಾಟಕ್ಕೆ ಪಟ್ಟಿ ದಪ್ಪ ಇರಬೇಕು ಅನ್ನುತ್ತಾರೆ ಚೌಕಟ್ಟು ಕಟ್ಟುವವರು. ದಪ್ಪ ಪಟ್ಟಿಯಿಂದ ಬಿಸಿ ಹರಿದು ಬರುತ್ತದೆ, ತೆಳುವಿರಲಿ ಅನ್ನುತ್ತಾರೆ ತಂಪಿನವರು. ಎತ್ತು ಏರಿಗೆ, ಕೋಣ ನೀರಿಗೆ. ಗಾಜಿನ ನಾರು, ಕಾರ್ಬನ್ ನಾರು ಬಳಸಿ ಹೇಗೋ ರಾಜಿ ಮಾಡಿಸುತ್ತಾರೆ. ಕರೆಂಟ್ ಕೊಡುವ ತಾಮ್ರದ ತಂತಿಗಳ ಕಾಟ ಇದಕ್ಕಿಂತ ದೊಡ್ಡದು. ನೂರಾರು ಆಂಪಿಯರ್ ಹೊರುವ ತಾಮ್ರವನ್ನು ಹೊರಗಿನಿಂದ ನೇರ ಒಳಕ್ಕೆ ತಂದರೆ ಒಂದೊಂದರಿಂದಲೂ ಹತ್ತಾರು ವ್ಯಾಟ್ ಸೋರಬಹುದು. ನಮ್ಮ ಇಡೀ ಬಜೆಟ್ ಹತ್ತರಲ್ಲೊಂದು ವ್ಯಾಟ್! ಅದಕ್ಕೆ ಉಪಾಯವಿದೆ. ಸುರುಳಿಗೆ ಕರೆಂಟ್ ತುಂಬಿಸಿ, ಎರಡು ತುದಿಗಳನ್ನು ಒಳಗೇ ಸೂಪರ್‌ಕಂಡಕ್ಟರ್‌ನಿಂದ ಬೆಸೆದು, ಹೊರಗಿನ ತಂತಿಯನ್ನು ಬೇರ್ಪಡಿಸಿಬಿಡಬಹುದು. ತಡೆಯೇ ಇಲ್ಲವಲ್ಲ, ಕರೆಂಟ್ ತಾನಾಗಿ ಸುತ್ತುತ್ತಲೇ ಇರುತ್ತದೆ.

ನನಗೆ ಇವತ್ತಿಗೂ ಖುಷಿ ಕೊಡುವುದು ಮಾತ್ರ ಮುಚ್ಚಳದ ಸಮಸ್ಯೆ. ಭೂಮಿಯ ಮೇಲೆ ದ್ರವ ಕೆಳಗಿರುತ್ತದೆ, ಆವಿ ಮೇಲಿರುತ್ತದೆ, ಮೇಲೊಂದು ತೂತು ಇಟ್ಟರೆ ಆವಿ ಹೋಗುತ್ತದೆ. ತೇಲುತ್ತಿರುವ ತೊಟ್ಟಿಯಲ್ಲಿ ಮೇಲೆ ಯಾವುದು, ಕೆಳಗೆ ಯಾವುದು? ತೂತು ತೆರೆದರೆ ಆವಿಯ ಬದಲು ದ್ರವವೇ ಹೊರಗೆ ಓಡೀತು. ಇಲ್ಲಿ ಹೀಲಿಯಂನ ಒಂದು ವಿಚಿತ್ರ ಗುಣ ಕೈಹಿಡಿಯುತ್ತದೆ. 2.17 ಕೆಲ್ವಿನ್‌ಗಿಂತ ಕೆಳಗೆ ಅದು ಸೂಪರ್‌ಫ್ಲೂಯಿಡ್ ಆಗುತ್ತದೆ. ಬಹಳ ಸಣ್ಣ ರಂಧ್ರಗಳಲ್ಲಿ ತಡೆಯಿಲ್ಲದೆ ಹರಿಯುತ್ತದೆ, ಅದೂ ತಣ್ಣಗಿರುವ ಕಡೆಯಿಂದ ಬೆಚ್ಚಗಿರುವ ಕಡೆಗೆ. ಹಾಗಾಗಿ ತೂತಿಗೆ ಸೂಕ್ಷ್ಮ ರಂಧ್ರಗಳ ಒಂದು ಬಿರಡೆ ಜಡಿಯುತ್ತಾರೆ. ಬಿರಡೆಯ ಹೊರಮುಖದಲ್ಲಿ ದ್ರವ ಆವಿಯಾಗುತ್ತದೆ, ಆ ಮುಖ ತಣ್ಣಗಾಗುತ್ತದೆ. ಒಳಮುಖ ಅದಕ್ಕಿಂತ ಚೂರು ಬೆಚ್ಚಗೆ. ಹೊರಗೆ ಓಡಲು ಹೊರಟ ದ್ರವ ವಾಪಸ್ ಒಳಕ್ಕೇ ಸೆಳೆಯಲ್ಪಡುತ್ತದೆ, ಆವಿ ಮಾತ್ರ ಹೊರಗೆ. ಅಲುಗಾಡುವ ಒಂದು ಭಾಗವೂ ಇಲ್ಲದ ಕವಾಟ! 1983ರ ಐರಾಸ್ ಉಪಗ್ರಹದ ಕಾಲದಿಂದಲೂ ಇದು ಕೆಲಸ ಮಾಡುತ್ತಿದೆ.

ಎಎಂಎಸ್‌ನಲ್ಲಿ ಕ್ವೆಂಚ್ ಭಯಕ್ಕೂ ಉತ್ತರವಿತ್ತು. ಸುರುಳಿಗಳನ್ನು ಹೀಲಿಯಂನಲ್ಲಿ ಮುಳುಗಿಸಿರಲಿಲ್ಲ, ತೊಟ್ಟಿಯ ಹೊರಗಿಟ್ಟು ಬೇರೆ ಕೊಳವೆಗಳ ಮೂಲಕ ಬಿಸಿಯನ್ನು ತೊಟ್ಟಿಗೆ ಕಳಿಸುವ ಏರ್ಪಾಡು. ಮ್ಯಾಗ್ನೆಟ್ಟಿನಲ್ಲಿ ಸುಮಾರು 5 ಮೆಗಾಜೂಲ್ ಶಕ್ತಿ ತುಂಬಿರುತ್ತದೆ, ಒಂದು ಟನ್ನಿನ ಕಾರು ಗಂಟೆಗೆ 360 ಕಿ.ಮೀ. ವೇಗದಲ್ಲಿ ಓಡುವಷ್ಟು. ಅಷ್ಟೂ ತೊಟ್ಟಿಗೆ ಬಿದ್ದರೆ ಹೀಲಿಯಂನ ದೊಡ್ಡ ಪಾಲು ಒಂದೇ ಏಟಿಗೆ ಹೋಗುತ್ತಿತ್ತು.

ಇಷ್ಟೆಲ್ಲ ಮಾಡಿದ ಮೇಲೂ 2010ರಲ್ಲಿ, ಹಾರಿಸುವ ಮುಂಚೆಯೇ, ಆ ಮ್ಯಾಗ್ನೆಟ್ಟನ್ನು ತೆಗೆದುಹಾಕಿದರು. ಹೀಲಿಯಂ ಮುಗಿದ ದಿನ ಮ್ಯಾಗ್ನೆಟ್ಟಿನ ಆಯಸ್ಸೂ ಮುಗಿಯುತ್ತದೆ, ಮರುಪೂರಣದ ದಾರಿಯಿಲ್ಲ. ಅತ್ತ ನಿಲ್ದಾಣದ ಆಯಸ್ಸನ್ನು 2020ರವರೆಗೆ ವಿಸ್ತರಿಸುವ ಮಾತು ಬಂದಿತ್ತು. ಮೂರು ವರ್ಷ ಜೋರು ಕ್ಷೇತ್ರವೋ, ಹತ್ತಾರು ವರ್ಷ ಮಂದ ಕ್ಷೇತ್ರವೋ? ಅವರು ಎರಡನೆಯದನ್ನು ಆರಿಸಿದರು. 1998ರಲ್ಲಿ ಡಿಸ್ಕವರಿ ನೌಕೆಯಲ್ಲಿ ಒಮ್ಮೆ ಹಾರಿ ಬಂದಿದ್ದ ಹಳೆಯ ಶಾಶ್ವತ ಅಯಸ್ಕಾಂತವನ್ನೇ ತಂದು ಕೂರಿಸಿದರು. ಅದರ ಕ್ಷೇತ್ರ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ಟಿನ ಐದರಲ್ಲೊಂದೋ ಆರರಲ್ಲೊಂದೋ ಪಾಲು. ಕಳೆದುಕೊಂಡದ್ದನ್ನು ಒಂದಿಷ್ಟು ವಾಪಸ್ ಪಡೆಯಲು ಕಣದ ದಾರಿ ಗುರುತಿಸುವ ಪತ್ತೆ ಫಲಕಗಳನ್ನು ದೂರ ದೂರ ಇಟ್ಟರು. ಬಾಗು ಕಡಿಮೆಯಾದರೂ ಉದ್ದ ದಾರಿಯಲ್ಲಿ ಅಳೆದರೆ ಗೊತ್ತಾಗುತ್ತದಲ್ಲ. ಆಗ ತುಂಬಾ ಜನ ಮೂಗು ಮುರಿದರು. ನನಗೇನೋ ಅದು ಸರಿಯಾದ ತೀರ್ಮಾನವೇ ಅನ್ನಿಸುತ್ತದೆ. 2011ರ ಮೇನಲ್ಲಿ ಎಂಡೆವರ್ ನೌಕೆಯಲ್ಲಿ ಹೋದ ಎಎಂಎಸ್ ಅಲ್ಲಿಂದ 20,000 ಕೋಟಿಗೂ ಹೆಚ್ಚು ಕಣಗಳನ್ನು ದಾಖಲಿಸಿದೆ.

ಹಾಗಂತ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ ಬಾಹ್ಯಾಕಾಶಕ್ಕೆ ಹೋಗಿಯೇ ಇಲ್ಲ ಅಂತಲ್ಲ. ಕ್ಷಕಿರಣ ದೂರದರ್ಶಕಗಳಲ್ಲಿ ಪುಟ್ಟ ಮ್ಯಾಗ್ನೆಟ್ಟುಗಳಿವೆ, ಅವು ಇರುವುದೇ ತಣ್ಣಗೆ ಮಾಡುವುದಕ್ಕೆ. ಒಂದು ಬಗೆಯ ಲವಣವನ್ನು ಕಾಂತಕ್ಷೇತ್ರಕ್ಕೆ ಒಡ್ಡಿದರೆ ಅದು ಬಿಸಿ ಬಿಟ್ಟುಕೊಡುತ್ತದೆ. ಆ ಬಿಸಿಯನ್ನು ಹೀಲಿಯಂಗೆ ದಾಟಿಸಿ, ಸಂಬಂಧ ಕಡಿದು, ಕ್ಷೇತ್ರವನ್ನು ಮೆಲ್ಲಗೆ ಇಳಿಸಿದರೆ ಲವಣ ಇನ್ನೂ ತಣ್ಣಗಾಗುತ್ತದೆ. 2023ರಲ್ಲಿ ಹಾರಿದ ಜಪಾನಿನ ಕ್ರಿಸ್ಮ್ ಉಪಗ್ರಹದ ಸಂವೇದಕ ಹೀಗೆ ಕೆಲ್ವಿನ್ನಿನ ಇಪ್ಪತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಹೀಲಿಯಂ ಮುಗಿದ ಮೇಲೂ ಕ್ರಯೋಕೂಲರ್ ಜೊತೆ ಮುಂದುವರಿಯುವ ಹಾಗೆ ಅದನ್ನು ಕಟ್ಟಿದ್ದಾರೆ. ಅದಕ್ಕೆ ಕಾರಣ ಒಂದು ಹಳೆಯ ಗಾಯವೂ ಇರಬೇಕು. 2005ರ ಜುಲೈನಲ್ಲಿ ಹಾರಿದ್ದ ಸುಜಾಕು ಉಪಗ್ರಹ ಒಂದು ತಿಂಗಳೊಳಗೆ ತನ್ನ ಹೀಲಿಯಂ ಪೂರ್ತಿ ಕಳೆದುಕೊಂಡಿತು. ಹೊರಬಿಟ್ಟ ಹೀಲಿಯಂ ಆವಿ ಉಪಗ್ರಹದ ಒಡಲಲ್ಲೇ ಉಳಿದು, ತೊಟ್ಟಿಯ ಸುತ್ತಲಿನ ನಿರ್ವಾತದೊಳಕ್ಕೆ ವಾಪಸ್ ನುಗ್ಗಿತ್ತು. ಫ್ಲಾಸ್ಕಿನ ಗೋಡೆಗಳ ನಡುವೆ ಗಾಳಿ ಹೋದ ಹಾಗೆ. ಸುತ್ತ ಕೋಟ್ಯಂತರ ಕಿಲೋಮೀಟರ್ ನಿರ್ವಾತ, ಬೇಕಾದ ಕಡೆಯೇ ಇಲ್ಲ!

ಹೀಲಿಯಂ ಬಿಟ್ಟು ಕ್ರಯೋಕೂಲರ್ ಒಂದನ್ನೇ ನಂಬಬಹುದಾ? ಸಣ್ಣದಕ್ಕೆ ಆದೀತು. ಆದರೆ ನೆಲದ ಮೇಲಿನ ಮಾಮೂಲಿ ಯಂತ್ರ 4 ಕೆಲ್ವಿನ್‌ನಲ್ಲಿ ಒಂದು ವ್ಯಾಟ್ ಬಿಸಿ ಎತ್ತಲು ಏಳೆಂಟು ಕಿಲೋವ್ಯಾಟ್ ವಿದ್ಯುತ್ ತಿನ್ನುತ್ತದೆ. ಅದನ್ನು ಸೌರಫಲಕ ಕೊಡಬೇಕು, ತಿಂದದ್ದೆಲ್ಲ ಬಿಸಿಯಾಗಿ ಮತ್ತೆ ರೇಡಿಯೇಟರ್‌ನಿಂದ ಹೊರಹೋಗಬೇಕು.

ಈಗ ಆ ಮಂಚವನ್ನು ನೆನಪಿಸಿಕೊಳ್ಳಿ. 1987ರಲ್ಲಿ ಸಿಕ್ಕ ಇಟ್ರಿಯಂ–ಬೇರಿಯಂ–ತಾಮ್ರ–ಆಮ್ಲಜನಕದ ವಸ್ತು 92 ಕೆಲ್ವಿನ್‌ವರೆಗೂ ಸೂಪರ್‌ಕಂಡಕ್ಟರ್. ಇವತ್ತು ಅದರ ರಿಬ್ಬನ್ನಿನಂಥ ಪಟ್ಟಿಗಳು ಸಿಗುತ್ತವೆ. 50 ಕೆಲ್ವಿನ್ ಆಸುಪಾಸಿನಲ್ಲೂ ಒಳ್ಳೆಯ ಕರೆಂಟ್ ಹೊರುತ್ತವೆ. ಅಂದರೆ ಬಾಹ್ಯಾಕಾಶ ಪುಕ್ಕಟೆಯಾಗಿ ಕೊಡುವ ಚಳಿಯೂ ಈ ಪಟ್ಟಿ ಕೇಳುವ ಚಳಿಯೂ ಒಂದೇ ಕಡೆ ಬಂದು ಕೂತಿವೆ. ಎಎಂಎಸ್–100 ಎಂಬ ಪ್ರಸ್ತಾವ ಇದನ್ನೇ ನೆಚ್ಚಿಕೊಂಡಿದೆ: ವೆಬ್ ಇರುವಂಥ ದೂರದ ಜಾಗ, ದೊಡ್ಡ ಬಿಸಿಲಮರೆ, ನೆರಳಿನಲ್ಲಿ ತೆಳುವಾದ ಸುರುಳಿ, ಹೀಲಿಯಂ ತೊಟ್ಟಿಯಿಲ್ಲ. ನೀವು ಕೇಳಿದ ‘ಸುಮ್ನೆ ಹೊರಗೆ ಇಟ್ಟುಬಿಡುವ’ ಮಾತಿಗೆ ಇಷ್ಟು ಹತ್ತಿರ ಬಂದದ್ದು ಬೇರೆ ನಾನು ಕಂಡಿಲ್ಲ. ಇದಕ್ಕೂ ಒಂದು ಕೊಂಕಿದೆ. ಈ ಪಟ್ಟಿಗಳಲ್ಲಿ ಕ್ವೆಂಚ್ ಬಹಳ ನಿಧಾನಕ್ಕೆ ಹಬ್ಬುತ್ತದೆ. ಕೇಳಲು ಒಳ್ಳೆಯದು ಅನ್ನಿಸಿದರೂ ನಿಜಕ್ಕೂ ಕಷ್ಟ. ಬಿಸಿ ಒಂದೇ ಜಾಗದಲ್ಲಿ ಕೂಡಿಕೊಂಡು, ಮೀಟರಿಗೆ ಸುಳಿವು ಸಿಗುವ ಮೊದಲೇ ಪಟ್ಟಿ ಅಲ್ಲಿ ಸುಟ್ಟುಹೋಗಬಹುದು.

ಅಂದಹಾಗೆ, ಎಎಂಎಸ್‌ಗೆ ಈಗ ತಂಪಿನ ಚಿಂತೆಯೇ ಇಲ್ಲ ಅಂದುಕೊಳ್ಳಬೇಡಿ. ಅದರ ಪತ್ತೆ ಫಲಕಗಳಿಗೆ ಇಂಗಾಲದ ಡೈಆಕ್ಸೈಡ್ ಹರಿಸುವ ಪಂಪುಗಳಿದ್ದವು. ಅವು ಒಂದೊಂದಾಗಿ ಕೈಕೊಟ್ಟವು. 2019ರ ನವೆಂಬರ್‌ನಿಂದ 2020ರ ಜನವರಿವರೆಗೆ ಗಗನಯಾತ್ರಿಗಳಾದ ಲೂಕಾ ಪರ್ಮಿಟಾನೊ ಮತ್ತು ಆಂಡ್ರ್ಯೂ ಮಾರ್ಗನ್ ನಾಲ್ಕು ಸಲ ನಿಲ್ದಾಣದಿಂದ ಹೊರಗೆ ಹೋಗಿ, ದಪ್ಪ ಕೈಗವಸು ಹಾಕಿಕೊಂಡೇ ಎಂಟು ತೆಳು ಕೊಳವೆಗಳನ್ನು ಕತ್ತರಿಸಿ, ಹೊಸ ಪಂಪುಗಳಿಗೆ ಜೋಡಿಸಿ ಬಂದರು. ಮ್ಯಾಗ್ನೆಟ್ಟನ್ನು ಮಾತ್ರ ಯಾರೂ ಮುಟ್ಟಬೇಕಾಗಿ ಬರಲಿಲ್ಲ.